ವಾಕ್ಯಗಳನ್ನು ಕೂಡಿಸುವ ಬಗೆ

ಇಂಗ್ಲಿಷ್ ಕಲಿಯುವ ನಮ್ಮ ಕಲಾದಗಿ ಸೀಮೆಯ ಮಕ್ಕಳ ಬರವಣಿಗೆಯಲ್ಲಿ ವಾಕ್ಯಗಳು ತುಂಡುತುಂಡಾಗಿರುತ್ತವೆ. ವ್ಯಾಕರಣ ತಪ್ಪಿರುವುದಿಲ್ಲ, ಆದರೂ ಓದಿದವರು, ಹುಡುಗನಿಗೆ ವಿಚಾರಶಕ್ತಿ ಸಾಲದೆಂದು ತೀರ್ಮಾನಿಸುತ್ತಾರೆ. ಬಹುಕಾಲ ಕನ್ನಡ ಪಾಠ ಹೇಳಿದ ನನಗೆ ಇದು ಅನ್ಯಾಯವೆನಿಸುತ್ತದೆ. ಅದೇ ಹುಡುಗ, 'ಮಳೆಯಾಗದೆ ಬಾವಿ ಬತ್ತಿದ್ದರಿಂದ ದಾಳಿಂಬೆಯ ಗಿಡಗಳು ಒಣಗಿದವು' ಎಂದು ಮೂರು ಸಂಗತಿಗಳನ್ನು ಕನ್ನಡದಲ್ಲಿ ಸಲೀಸಾಗಿ ಹೆಣೆಯುತ್ತಾನೆ.

ತೊಡಕಿರುವುದು ಕೊಂಡಿಯ ಸ್ಥಾನದಲ್ಲಿ. ಕನ್ನಡದಲ್ಲಿ ಅದು ಕ್ರಿಯಾಪದದ ತುದಿಗೆ ಅಂಟುತ್ತದೆ. ಇಂಗ್ಲಿಷಿನ 'ಬಿಕಾಸ್', 'ಆಲ್ದೋ'ಗಳು ಉಪವಾಕ್ಯದ ಮೊದಲಿಗೆ ನಿಲ್ಲುತ್ತವೆ. 'ನಿನ್ನೆ ಬಂದ ಹುಡುಗ' ಎಂದು ನಾವೆಂದರೆ, ಅಲ್ಲಿ ಹುಡುಗ ಮೊದಲು, 'ಹೂ' ಆಮೇಲೆ. 'ಮಳೆ ಬಂದು ಕೆರೆ ತುಂಬಿತು' ಎಂಬುದು ನಮಗೆ ಸಹಜ. ಅದನ್ನೇ 'ಹ್ಯಾವಿಂಗ್ ಕಮ್' ಎಂದಾರಂಭಿಸಿ ಕೆರೆಯನ್ನು ಕರ್ತೃವಾಗಿಸಿದರೆ, ಬಂದದ್ದು ಕೆರೆಯೇ ಎಂದಾಗುತ್ತದೆ!

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸುತ್ತಾರೆ. ವಾಕ್ಯಗಳಿಗೂ ಅಂಥ ಎಚ್ಚರ ಬೇಕು. ಎಲ್ಲವನ್ನೂ 'ಆ್ಯಂಡ್' ಎಂಬ ಒಂದೇ ದಾರದಿಂದ ಬಿಗಿದರೆ ಗಂಟಾಗುವುದೇ ಹೊರತು ಬಟ್ಟೆಯಾಗದು. ಇವೆರಡರ ನಡುವಣ ಸಂಬಂಧ ಕಾರಣದ್ದೋ, ಕಾಲದ್ದೋ, ವಿರೋಧದ್ದೋ ಎಂದು ಮೊದಲು ಕೇಳಿಕೊಳ್ಳಬೇಕು. ಮುಖ್ಯವಾದುದಕ್ಕೆ ಪ್ರಧಾನವಾಕ್ಯದ ಪಟ್ಟ ಕೊಟ್ಟು, ಉಳಿದುದನ್ನು ಅದಕ್ಕೆ ಅಧೀನಗೊಳಿಸಬೇಕು.

ಉಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಬಿಡಿವಾಕ್ಯಗಳನ್ನು ಕೊಟ್ಟು, ಮೊದಲು ಕನ್ನಡದಲ್ಲಿ ಕೂಡಿಸಲು ಹೇಳಿರಿ, ಬಳಿಕ ಇಂಗ್ಲಿಷಿನಲ್ಲಿ. ಎಲ್ಲವನ್ನೂ ಕೂಡಿಸಬೇಕೆಂದೇನೂ ಇಲ್ಲ. ಒತ್ತು ಬೇಕಾದೆಡೆ ಚಿಕ್ಕ ವಾಕ್ಯವೇ ಲೇಸು. ಆದರೆ ಆ ಆಯ್ಕೆ ಮಗುವಿನ ಕೈಯಲ್ಲಿರಬೇಕು.