ಲೂಪಸ್ ಮತ್ತು ಮರೆವು



ಈ ಸಂಜೆ ಲೂಪಸ್ ರೋಗಿಗಳ ಮರೆವಿನ ಬಗ್ಗೆ ಮಾತಾಡುತ್ತೇನೆ. ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಅಂಗಾಂಗಗಳ ಮೇಲೆ ತಿರುಗಿಬಿದ್ದು ಉರಿಯೂತ ಉಂಟುಮಾಡುವ, ವರ್ಷಗಟ್ಟಲೆ ಕಾಡುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹೆಚ್ಚಿನವರಲ್ಲಿ ಇದು ಕಾಣಿಸಿಕೊಳ್ಳುವುದು 15ರಿಂದ 45ರ ನಡುವೆ, ಓದು, ಕೆಲಸ, ಮಕ್ಕಳು ಎಂದು ಓಡಾಡುವ ವಯಸ್ಸಿನಲ್ಲಿ.

ಕೀಲುನೋವು, ಕೆನ್ನೆಯ ಮೇಲಿನ ಕೆಂಪು, ಮೂತ್ರಪಿಂಡದ ತೊಂದರೆ ಎಲ್ಲರ ಗಮನಕ್ಕೂ ಬರುತ್ತವೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಲೆಕ್ಕದಲ್ಲಿ ಎಡವುವುದು, ಮಾತಿನ ನಡುವೆ ಪದ ತಪ್ಪಿಹೋಗುವುದು ಕಾಯಿಲೆಯ ಲಕ್ಷಣವೆಂದು ಯಾರ ಗಮನಕ್ಕೂ ಬರುವುದಿಲ್ಲ. "ಗಮನ ಎಲ್ಲಿಟ್ಟಿದ್ದೀಯಮ್ಮ?" ಎಂಬ ಬೈಗುಳವಷ್ಟೇ ಕಾಯಿಲೆಯಾದ ಹೆಂಗಸಿನ ಪಾಲಿಗೆ.

ಆದರೆ 1999ರಲ್ಲೇ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಲೂಪಸ್‌ನಿಂದ ನರಮಂಡಲಕ್ಕಾಗುವ 19 ಬಗೆಯ ತೊಂದರೆಗಳನ್ನು ಪಟ್ಟಿಮಾಡಿದಾಗ, ಅದರಲ್ಲಿ ಅರಿವಿನ ಕುಂದೂ ಇತ್ತು. ಸಂಶೋಧಕಿ ಬೆಟ್ಟಿ ಡೈಮಂಡ್ ಮತ್ತು ಸಂಗಡಿಗರು 2001ರಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು: ಲೂಪಸ್‌ನಲ್ಲಿ ಡಿಎನ್‌ಎ ವಿರುದ್ಧ ಹುಟ್ಟುವ ಕೆಲವು ಪ್ರತಿಕಾಯಗಳು ಮೆದುಳಿನ ಎನ್‌ಎಂಡಿಎ ಗ್ರಾಹಕಗಳಿಗೂ ಅಂಟಿಕೊಳ್ಳುತ್ತವೆ. ಕಲಿಕೆಗೂ ನೆನಪಿಗೂ ಬೇಕಾದ ಗ್ರಾಹಕಗಳು ಇವು. ರಕ್ತದಲ್ಲಿರುವುದೆಲ್ಲ ಮೆದುಳಿಗೆ ಇಳಿಯದಂತೆ ತಡೆಯುವ ಗೋಡೆಯೊಂದು ನಮ್ಮೊಳಗಿದೆ. ಇಲಿಗಳಲ್ಲಿ ಅದು ಸಡಿಲವಾದಾಗ ಈ ಪ್ರತಿಕಾಯಗಳು ಒಳನುಗ್ಗಿ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ನ ನರಕೋಶಗಳನ್ನು ಹಾಳುಮಾಡಿದವು.

ಮನುಷ್ಯರಲ್ಲಿ ಕಾರಣ ಒಂದೇ ಅಲ್ಲ. ಉರಿಯೂತದ ರಾಸಾಯನಿಕಗಳು, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ, ನಿದ್ದೆಗೆಡಿಸುವ ನೋವು, ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಕೆಲವೊಮ್ಮೆ ಲೂಪಸ್‌ಗೆ ಕೊಡುವ ಸ್ಟಿರಾಯ್ಡ್ ಕೂಡ ಸೇರಿಕೊಳ್ಳುತ್ತವೆ. ಎಂಆರ್‌ಐ ಚೆನ್ನಾಗಿದ್ದರೂ ತೊಂದರೆ ಇರಬಹುದು. ಮುದುಕರ ಮರೆವು ಅಳೆಯುವ ಚುಟುಕು ಪರೀಕ್ಷೆಗೂ ಅದು ಸಿಗದೆ ಹೋಗಬಹುದು, ಯಾಕೆಂದರೆ ಇಲ್ಲಿ ಮೊದಲು ಕುಂದುವುದು ಹೆಚ್ಚಾಗಿ ಏಕಾಗ್ರತೆ ಮತ್ತು ಯೋಚನೆಯ ವೇಗ. ನರಮನೋವಿಜ್ಞಾನದ ವಿವರವಾದ ಪರೀಕ್ಷೆಯೇ ಬೇಕು.

ಕಾರಣಗಳು ಹಲವು ಎಂಬುದರಲ್ಲೇ ಭರವಸೆಯೂ ಇದೆ. ರಕ್ತಹೀನತೆಯನ್ನೂ ಥೈರಾಯ್ಡನ್ನೂ ಸರಿಪಡಿಸಬಹುದು, ಖಿನ್ನತೆಗೆ ಚಿಕಿತ್ಸೆಯಿದೆ, ರೋಗದ ಉರಿ ತಗ್ಗಿದರೆ ಹಲವರ ತಲೆಯೂ ತಿಳಿಯಾಗುತ್ತದೆ. ಆದರೆ ಮರೆವಿಗೆ ಹೆದರಿ ಸ್ಟಿರಾಯ್ಡ್ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು, ಅದು ಪ್ರಾಣಕ್ಕೇ ಅಪಾಯ.

ಮನೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನೋವಿನ ಜೊತೆ ಮರೆವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಬೈದರೆ ಆಕೆ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಲಕ್ಷಣಕ್ಕೆ ಯಾರೂ ಮದ್ದು ಕೊಡಲಾರರು.