ಸೊನ್ನೆ ಯಾಕಲ್ಲ?



ಈ ಉಪನ್ಯಾಸಕ್ಕೆ ದತ್ತಿಯಿಟ್ಟ ಕುಟುಂಬದವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ಅವರಿಗೆ ನನ್ನ ವಂದನೆ. ವಾರ್ಡಿನಲ್ಲೂ ತರಗತಿಯಲ್ಲೂ ನರ್ಸಿಂಗ್ ಪಾಠ ಹೇಳುತ್ತಲೇ ವಯಸ್ಸಾದವಳು ನಾನು. ಎಲ್ಲ ಗೊತ್ತಿದ್ದೂ ಬಾಯಿ ಬಿಡಲಾಗದೆ ಒದ್ದಾಡಿದ ಮಕ್ಕಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಬೆಳಗಿನ ರೌಂಡ್ಸ್ ನೆನಪಿಸಿಕೊಳ್ಳಿ. ಮೂರನೇ ವರ್ಷದ ಹುಡುಗಿಯೊಬ್ಬಳು ರೋಗಿ ಅಜ್ಜಿಯೊಬ್ಬರ ಪಲ್ಸ್, ಬಿಪಿ, ಯೂರಿನ್ ಔಟ್‌ಪುಟ್ ಎಲ್ಲವನ್ನೂ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಾಳೆ. ಡಾಕ್ಟರು "ರಾತ್ರಿ ಹೇಗಿದ್ರು?" ಎಂದು ಕೇಳುವಷ್ಟರಲ್ಲಿ ಅಂಗೈ ಬೆವೆತು ಶಾಯಿ ಹರಡಿದೆ. ಗಂಟಲು ಕಟ್ಟಿದೆ. ಪಕ್ಕದವಳು ಉತ್ತರ ಹೇಳಿಬಿಡುತ್ತಾಳೆ. ಹತ್ತು ನಿಮಿಷದ ಹಿಂದೆ ಅದೇ ಅಜ್ಜಿಯ ತಲೆ ಬಾಚುತ್ತ ಮೊಮ್ಮಕ್ಕಳ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡವಳು ಇವಳೇ.

ನಾವು ಇದನ್ನು ನಾಚಿಕೆ ಎಂದು ತಳ್ಳಿಹಾಕುತ್ತೇವೆ. ಅದು ತಪ್ಪು. ಬರೀ ನಾಚಿಕೆಯಾದರೆ ಸಲಿಗೆ ಬೆಳೆದಂತೆ ಸಡಿಲುತ್ತದೆ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಭಯ ತಿಂಗಳುಗಟ್ಟಲೆ ಬಿಡದೆ ಓದು, ಕೆಲಸ, ಮೆಸ್ಸಿನ ಊಟವನ್ನೂ ಕೆಡಿಸಿದರೆ ಅದು ಸಾಮಾಜಿಕ ಆತಂಕ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿದ್ದು 1980ರಲ್ಲಿ. ಇಂಥವರ ಗಮನ ಎದುರಿನವರ ಮೇಲಿರದೆ ತಮ್ಮ ಮೇಲೆಯೇ ತಿರುಗಿರುತ್ತದೆ, ಭಯ ಮುಚ್ಚಿಡಲು ಹೂಡುವ ಉಪಾಯಗಳೇ ಭಯವನ್ನು ಸಾಕುತ್ತವೆ ಎಂದು ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದರು. ನಮ್ಮ ವಾರ್ಡುಗಳಲ್ಲಿ ಆ ಉಪಾಯಗಳು ನನಗೆ ಚೆನ್ನಾಗಿ ಗೊತ್ತು. ರೌಂಡ್ಸ್ ಹೊತ್ತಿಗೆ ಸರಿಯಾಗಿ ಬಟ್ಟೆ ಎಣಿಸಲು ಹೋಗುವುದು. ಕೇಸ್ ಪ್ರೆಸೆಂಟೇಶನ್ ದಿನ ಹೊಟ್ಟೆನೋವು. ಇಂಥವಳನ್ನು "ಮಾತು ಕಡಿಮೆ, ಕೆಲಸ ಜಾಸ್ತಿ" ಎಂದು ನಾವು ಹೊಗಳಿದ್ದೂ ಉಂಟು.

ನಾನೇ ಒಮ್ಮೆ ಒಬ್ಬಳನ್ನು ಧೈರ್ಯ ಬರಲಿ ಎಂದು ಅರವತ್ತು ಜನರ ಮುಂದೆ ನಿಲ್ಲಿಸಿ "ಹೆದರಬೇಡ, ಮಾತಾಡು" ಅಂದೆ. ಮುಂದಿನ ವಾರವೆಲ್ಲ ಅವಳು ಪೋಸ್ಟಿಂಗ್‌ಗೇ ಬರಲಿಲ್ಲ. ಆ ಹುಡುಗಿಗೆ ನಾನು ಅನ್ಯಾಯ ಮಾಡಿದೆ.

ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಎಂಬ ಕ್ರಮವನ್ನು ನಾನು ಓದಿ ಕಲಿತದ್ದು ಅದಾದ ಮೇಲೆ. ಸಂದರ್ಶನ ಅಂದರೆ ನಮಗೆ ಕೆಲಸದ ಸಂದರ್ಶನವೇ ನೆನಪಾಗುವುದರಿಂದ ನಾನು ಪ್ರೇರಣಾ ಸಂವಾದ ಅನ್ನುತ್ತೇನೆ. ಇದು ಹುಟ್ಟಿದ್ದು ಕುಡಿತ ಬಿಡಲಾಗದವರಿಗಾಗಿ. 1982ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ನಾರ್ವೆಯ ಒಂದು ಚಿಕಿತ್ಸಾಲಯಕ್ಕೆ ಹೋಗಿದ್ದರು. ರೋಗಿಯೊಡನೆ ಹೇಗೆ ಮಾತಾಡುತ್ತೀರಿ, ಈ ಪ್ರಶ್ನೆಯನ್ನೇ ಏಕೆ ಕೇಳಿದಿರಿ ಎಂದು ಅಲ್ಲಿನ ಕಿರಿಯ ಮನೋವಿಜ್ಞಾನಿಗಳು ತಡೆತಡೆದು ಕೇಳಿದರು. ತಾವು ಅರಿಯದೆಯೇ ಪಾಲಿಸುತ್ತಿದ್ದ ಕ್ರಮವನ್ನು ಮಿಲ್ಲರ್ ತಮ್ಮ ಉತ್ತರಗಳಲ್ಲಿ ಕಂಡುಕೊಂಡರು. 1983ರಲ್ಲಿ ಲೇಖನ ಬಂತು. 1991ರಲ್ಲಿ ಸ್ಟೀಫನ್ ರಾಲ್‌ನಿಕ್ ಜೊತೆ ಬರೆದ ಪುಸ್ತಕ.

ಅದರ ತಿರುಳು ಇಷ್ಟು. ಬದಲಾಗಬೇಕೆಂಬ ಆಸೆ, ಬೇಡವೆಂಬ ಅಂಜಿಕೆ ಎರಡೂ ಒಂದೇ ಮನಸ್ಸಿನಲ್ಲಿರುತ್ತವೆ. ನಾವು ಒಂದರ ಪರ ವಾದಿಸಿದರೆ ಅವರ ಬಾಯಿಂದ ಇನ್ನೊಂದರ ವಾದ ಹೊರಡುತ್ತದೆ. "ನೀನು ಮಾತಾಡಲೇಬೇಕು" ಅಂದರೆ "ನನ್ನಿಂದಾಗಲ್ಲ ಮೇಡಂ" ಎಂದೇ ಉತ್ತರ. ಹಾಗೆ ಹೇಳಿದಷ್ಟೂ ಆ ಮಾತು ಅವಳಿಗೇ ನಿಜವಾಗುತ್ತ ಹೋಗುತ್ತದೆ.

ಶಾಯಿ ಹರಡಿದ ಅಂಗೈಯ ಹುಡುಗಿಯನ್ನು ಒಂದು ಸಂಜೆ ಡೆಮಾನ್‌ಸ್ಟ್ರೇಷನ್ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದೆ.

"ರೌಂಡ್ಸ್‌ನಲ್ಲಿ ಮಾತಾಡೋದು ನಿಂಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳಮ್ಮ."

"ನಾಲ್ಕು, ಮೇಡಂ."

"ಸೊನ್ನೆ ಯಾಕಲ್ಲ?"

ಹತ್ತು ಯಾಕಲ್ಲ ಎಂದು ಕೇಳಿದ್ದರೆ ಭಯದ ಪಟ್ಟಿ ಬರುತ್ತಿತ್ತು. ಸೊನ್ನೆ ಯಾಕಲ್ಲ ಅಂದದ್ದಕ್ಕೆ ಅವಳು ತುಂಬ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆ ಮೌನವನ್ನು ತಡೆದುಕೊಳ್ಳುವುದು ಮೇಷ್ಟ್ರ ಜಾತಿಗೆ ಬಲು ಕಷ್ಟ.

"ನೈಟ್ ಡ್ಯೂಟೀಲಿ ಅಜ್ಜಿಗೆ ಬಿಪಿ ಇಳೀತಿತ್ತು. ಸಿಸ್ಟರ್‌ಗೆ ಹೇಳೋಕೆ ಹತ್ತು ನಿಮಿಷ ಮಾಡ್ದೆ ಮೇಡಂ. ಬೈತಾರೆ ಅಂತ. ಅಜ್ಜಿಗೆ ಏನೂ ಆಗ್ಲಿಲ್ಲ. ಆಗಿದ್ರೆ?"

"ಆ ಹತ್ತು ನಿಮಿಷ ಇನ್ನೂ ನಿನ್ನ ಬಿಟ್ಟಿಲ್ಲ."

"ಹೌದು ಮೇಡಂ. ನಾನು ಹೇಳ್ಬೇಕಿತ್ತು. ಹೇಳೋದು ಕಲೀಬೇಕು."

ಈ ಕೊನೆಯ ಮಾತನ್ನು ನಾನು ಮೂರು ವರ್ಷದಿಂದ ಅವಳಿಗೆ ಹೇಳುತ್ತಲೇ ಬಂದಿದ್ದೆ. ಅವಳೇ ಹೇಳಿದಾಗ ಅದಕ್ಕೆ ಬೇರೆಯ ತೂಕ. ಹೇಗೆ ಶುರು ಮಾಡುತ್ತೀಯ ಎಂದು ಕೇಳಿದೆ. ಒಂದೇ ಒಂದು ಬೆಡ್ಡಿನ ಹ್ಯಾಂಡೋವರನ್ನು ಮೊದಲು ರೂಮ್‌ಮೇಟ್‌ಗೆ, ಆಮೇಲೆ ಬೆಳಗಿನ ಸಿಸ್ಟರ್‌ಗೆ ಹೇಳುತ್ತೇನೆ, ಅಂಗೈಯಲ್ಲಿ ಬರೆಯದೆ, ಅಂದಳು. ನಾನಾಗಿದ್ದರೆ ಸೆಮಿನಾರ್ ಕೊಡಿಸುತ್ತಿದ್ದೆ. ಅವಳ ಅಳತೆ ಅವಳಿಗೇ ಗೊತ್ತಿತ್ತು.

ಆದರೆ ಈ ಸಂವಾದವೊಂದೇ ಸಾಮಾಜಿಕ ಆತಂಕವನ್ನು ಗುಣಪಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದನ್ನು ಕಲಿಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಚಿಕಿತ್ಸೆ ಬೇಕಾಗುತ್ತದೆ, ಕೆಲವರಿಗೆ ಔಷಧಿಯೂ. ಆ ಬಾಗಿಲವರೆಗೆ ಬರಲು ಸಂವಾದ ನೆರವಾಗುತ್ತದೆ, ಅಷ್ಟೆ. ಇನ್ನೊಂದು ಮಾತು ಪ್ರಿನ್ಸಿಪಾಲರಿಗೆ. ಇಂಟರ್ನಲ್ ಮಾರ್ಕ್ಸ್ ಕೊಡುವ ಕೈಯೇ ಮನಸ್ಸು ಬಿಚ್ಚು ಅಂದರೆ ಯಾವ ಮಗುವೂ ಬಿಚ್ಚುವುದಿಲ್ಲ. ನನ್ನ ಕೈಯಲ್ಲಿ ಅವಳ ಮಾರ್ಕ್ಸ್ ಆ ವರ್ಷ ಇರಲಿಲ್ಲ. ಅವಳು ಮನಸ್ಸು ಬಿಚ್ಚಿದ್ದಕ್ಕೆ ಅದೂ ಒಂದು ಕಾರಣ. ಅಂಕದ ಹಂಗಿಲ್ಲದ ಒಬ್ಬರಿಗೆ ಈ ಕೆಲಸ ವಹಿಸಿ, ತರಬೇತಿ ಕೊಡಿಸಿ.

ಹಿಂದಿನ ಸಾಲುಗಳಲ್ಲಿ ಕೂತಿರುವ ನರ್ಸಿಂಗ್ ವಿದ್ಯಾರ್ಥಿಗಳೇ, ಪ್ರಶ್ನೆ ಕೇಳಲು ಯಾರನ್ನೂ ಇಲ್ಲಿ ಎಬ್ಬಿಸಿ ನಿಲ್ಲಿಸುವುದಿಲ್ಲ. ಬಾಗಿಲ ಬಳಿ ಚೀಟಿ, ಪೆನ್ನು ಇಟ್ಟಿದ್ದೇನೆ, ಹೆಸರು ಬೇಡ. ಇವತ್ತೇ ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ.