ಆ ಪುಸ್ತಕದಲ್ಲಿ ಬರೆಸಿ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಸ್ಥಳೀಯ ಆಡಳಿತದ ಆದ್ಯತೆಗಳು ಏನಿರಬೇಕು, ಅದರಿಂದ ಜನರ ಯೋಗಕ್ಷೇಮ ಹೇಗೆ ಎಂಬ ವಿಷಯದ ಮೇಲೆ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಮನೆಯಲ್ಲಿ ಇದನ್ನು ಹೇಳಿದಾಗ ಮಗಳು, “ಅಮ್ಮಿ, ಈ ವಯಸ್ಸಿನಲ್ಲಿ ನಿಮಗೆ ರಾಜಕೀಯ ಯಾಕೆ?” ಎಂದು ನಕ್ಕಳು. ನಾನು ಯಾವ ಪಕ್ಷದ ಮಾತನ್ನೂ ಆಡಲು ಬಂದಿಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಪಂಚಾಯಿತಿಯ ಪಾಠ ನನ್ನದೇ ಪಾಠ.

ಕೆಲವು ವರ್ಷಗಳಿಂದ ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳನ್ನು ಓದುವ ಕೆಲಸ ನನ್ನ ಪಾಲಿಗಿದೆ. ಅರ್ಜಿಯಲ್ಲಿ ‘ಸಹಾಯ ಬೇಕಾದ ಕಾರಣ’ ಎಂದು ಒಂದು ಕಾಲಂ ಉಂಟು. ತಂದೆ ತೀರಿಕೊಂಡಿದ್ದಾರೆ, ತಾಯಿ ಕೂಲಿಗೆ ಹೋಗುತ್ತಾರೆ ಎಂದು ಬರೆದದ್ದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಅಂಥ ಮನೆಗೆ ಕೊಡುವುದಕ್ಕೇ ಟ್ರಸ್ಟ್ ಇರುವುದು. ಆದರೆ ಬೇರೆ ಥರದ ಕಾರಣಗಳೂ ಬರುತ್ತವೆ. ಊರಿಗೆ ಸಂಜೆ ಬಸ್ಸಿಲ್ಲ, ಹಾಸ್ಟೆಲಿಗೆ ಸೇರಿಸಿದ್ದೇವೆ, ಹಾಸ್ಟೆಲ್ ಖರ್ಚು ತಡೆಯಲಾಗುತ್ತಿಲ್ಲ. ಮನೆ ಮುಂದಿನ ಚರಂಡಿ ಕಟ್ಟಿಕೊಂಡು ಸೊಳ್ಳೆ, ಇಬ್ಬರು ಮಕ್ಕಳಿಗೆ ಡೆಂಗಿ, ಫೀಸಿಗೆ ಇಟ್ಟ ಹಣ ಆಸ್ಪತ್ರೆಗೆ ಹೋಯಿತು. ಮನೆಗೆ ಖಾತೆ ಆಗಿಲ್ಲ, ಬ್ಯಾಂಕಿನವರು ಸಾಲ ಕೊಡಲಿಲ್ಲ.

ಇವನ್ನು ಓದಿದಾಗ ನನಗೆ ಅನ್ನಿಸುವುದನ್ನು ದಾನಿಗಳ ಮುಂದೆಯೇ ಹೇಳುತ್ತೇನೆ. ನೀವು ಕೊಟ್ಟ ಹಣದಲ್ಲಿ ಒಂದು ಪಾಲು, ಪಂಚಾಯಿತಿಯೋ ಪುರಸಭೆಯೋ ಮಾಡಬೇಕಾಗಿದ್ದ ಕೆಲಸ ಆಗದೆ ಬಿದ್ದ ಗುಂಡಿಯನ್ನು ಮುಚ್ಚುವುದಕ್ಕೆ ಹೋಗುತ್ತಿದೆ. ಗುಂಡಿ ಮಾತ್ರ ಹಾಗೇ ಇದೆ, ಮುಂದಿನ ವರ್ಷ ಅದೇ ಬೀದಿಯಿಂದ ಮತ್ತೊಂದು ಅರ್ಜಿ ಬರುತ್ತದೆ. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022ರಲ್ಲಿ ನಿಂತ ಮೇಲೆ ಚಿಕ್ಕ ಮಕ್ಕಳ ಮನೆಯವರೂ ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಇರುವ ಹಣ ಎಷ್ಟು ಕಡೆಗೆ ಸಾಲುತ್ತದೆ?

ಆದ್ಯತೆ ಎಂದರೆ ಯಾವುದು ಮೊದಲು ಎಂಬ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಕೊಟ್ಟವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಬರಗಾಲದ ದಿನಗಳು. ಮೊದಲು ನೀರು ಎಂದರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿ ಕೈಪಂಪು ಹಾಕಿಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಸರ್ಕಾರ ಕೊಟ್ಟ ಬಿರುದಲ್ಲ ಅದು, ಕೊಡ ಹೊತ್ತ ಹೆಂಗಸರ ಬಾಯಲ್ಲಿ ಹುಟ್ಟಿದ ಹೆಸರು.

ಅವರ ಇನ್ನೊಂದು ಕೆಲಸ ಅಷ್ಟಾಗಿ ಜನರ ಬಾಯಲ್ಲಿ ಉಳಿದಿಲ್ಲ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆ ಅವರ ಕಾಲದ್ದು. 1987ರ ಜನವರಿಯಲ್ಲಿ ಅದರ ಚುನಾವಣೆ ನಡೆಯಿತು, ಹೆಂಗಸರಿಗೆ ಶೇ. 25 ಸ್ಥಾನ ಮೀಸಲು. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷ ಆಗಿರಲಿಲ್ಲ, ಮತಗಟ್ಟೆಯ ಡ್ಯೂಟಿ ಬಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಎಂದು ಕೇಳಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಆಶ್ಚರ್ಯ. ಆಮೇಲೆ ಮಂಡಲ ಪ್ರಧಾನರು ಶಾಲೆಗೆ ಬಂದು ಹಾಜರಿ ಪುಸ್ತಕ ನೋಡತೊಡಗಿದಾಗ ಆಶ್ಚರ್ಯ ಹೋಗಿ ಗೊಣಗಾಟ ಶುರುವಾಯಿತು. ಗೊಣಗಿದವರಲ್ಲಿ ನಾನೂ ಒಬ್ಬಳು. ಎಂಟನೇ ಕ್ಲಾಸು ಓದಿದವರು ಬಿ.ಎಡ್. ಮಾಡಿದವರನ್ನು ಕೇಳುವುದೇ ಎಂಬ ಗರ್ವ. ಅವರು ಕೇಳಿದ್ದು ಸರಿ ಎಂದು ತಿಳಿಯುವುದಕ್ಕೆ ನನಗೆ ಸುಮಾರು ವರ್ಷ ಬೇಕಾಯಿತು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆ ಈಗಲೂ ಅವರ ಹೆಸರಿನಲ್ಲಿದೆ. ಮುಂದೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು, 1993ರಲ್ಲಿ ನಮ್ಮ ರಾಜ್ಯದ ಈಗಿನ ಪಂಚಾಯತ್ ರಾಜ್ ಕಾಯ್ದೆ ಬಂತು. ಈ ಚರಿತ್ರೆಯನ್ನೆಲ್ಲ ನಾನು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ‘ಗ್ರಾಮ ಸಭೆ ಎಂದರೇನು?’ ಎರಡು ಅಂಕದ ಪ್ರಶ್ನೆ. ಮಕ್ಕಳು ಉತ್ತರ ಬರೆದರು, ನಾನು ಟಿಕ್ ಹಾಕಿದೆ. ಇಪ್ಪತ್ತು ವರ್ಷ ಸರ್ವಿಸ್ ಆಗುವವರೆಗೂ ಒಂದು ಗ್ರಾಮ ಸಭೆಗೂ ನಾನು ಕಾಲಿಟ್ಟಿರಲಿಲ್ಲ.

ಕಾಲಿಟ್ಟದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವರ್ಗವಾಗಿ ಹೋಗಿದ್ದೆ. ಶಾಲೆಯಲ್ಲಿ ಹುಡುಗಿಯರಿಗೆ ಶೌಚಾಲಯ ಕಟ್ಟಿಸಿದ್ದರು, ಅದಕ್ಕೆ ಬೀಗ ಹಾಕಿತ್ತು. ಯಾಕೆ ಎಂದರೆ ನೀರಿಲ್ಲ. ಸುತ್ತಲಿನ ಊರುಗಳಿಂದ ಎರಡು ಮೂರು ಕಿಲೋಮೀಟರ್ ನಡೆದು ಬರುವ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ನಾನು ಮೇಲಿನ ಕಚೇರಿಗೆ ಪತ್ರ ಬರೆದೆ. ಎರಡು ವರ್ಷದಲ್ಲಿ ಐದು ಪತ್ರ. ಸ್ವೀಕೃತಿಯ ಮೊಹರಿರುವ ಪ್ರತಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ಇಟ್ಟುಕೊಂಡು, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆ.

ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ, ಲೆಕ್ಕದಲ್ಲಿ ಚುರುಕು. ದಸರಾ ರಜೆ ಮುಗಿದರೂ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಶುಂಠಿ ಹೊಲದ ಕೂಲಿ ಮುಗಿಸಿ ಆಗ ತಾನೇ ಬಂದಿದ್ದರು. “ಹೊಟ್ಟೆನೋವು ಅಂತ ಮೂರು ಸಲ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ ಟೀಚರ್. ಹುಡುಗಿ ನೀರೇ ಕುಡೀತಿಲ್ಲ ಅಂದ್ರು. ಸ್ಕೂಲಿಗೆ ಕಳಿಸಿದ್ರೆ ಕುಡಿಯಲ್ಲ, ಮನೇಲಿದ್ರೆ ಕುಡೀತಾಳೆ. ನಾನೇನು ಮಾಡ್ಲಿ?” ಎಂದರು. ನನ್ನ ಐದು ಪತ್ರಗಳ ಕಥೆ ಹೇಳಿದೆ. ಅವರು ಸುಮ್ಮನೆ ಕೇಳಿಕೊಂಡು, “ಇದನ್ನ ಕೇಳೋಕೆ ಬೇರೆ ಜಾಗ ಇಲ್ವಾ?” ಎಂದರು. ಎರಡು ಅಂಕದ ಉತ್ತರ ನನ್ನ ಬಾಯಿಗೆ ತಾನಾಗಿ ಬಂತು. ಗ್ರಾಮ ಸಭೆ ಎಂದೆ. “ಹಂಗಾದ್ರೆ ನೀವೂ ಬನ್ನಿ” ಎಂದುಬಿಟ್ಟರು.

ಹೋದೆವು. ಪಂಚಾಯಿತಿ ಮುಂದೆ ಶಾಮಿಯಾನ, ಗಂಡಸರೇ ಹೆಚ್ಚು. ಮನೆ ಯಾರ್ಯಾರಿಗೆ ಎಂಬ ಪಟ್ಟಿ ಓದುವವರೆಗೆ ಗದ್ದಲ, ಓದಿ ಮುಗಿದ ಕೂಡಲೇ ಅರ್ಧ ಜನ ಎದ್ದರು. ಆ ತಾಯಿ ಹಿಂದಿನಿಂದ ಎದ್ದು ನಿಂತು ಶೌಚಾಲಯದ ಮಾತು ಎತ್ತಿದರು. ಯಾರೋ ನಕ್ಕರು. ಮುಂದಿನ ಸಾಲಿನ ಹಿರಿಯರೊಬ್ಬರು, “ಸ್ಕೂಲಿನ ವಿಷ್ಯ ಸ್ಕೂಲ್ನೋರು ನೋಡ್ಕೋತಾರೆ, ಕೂತ್ಕಳಮ್ಮ” ಎಂದರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಅರವತ್ತು ಮಕ್ಕಳ ಮುಂದೆ ದಿನಕ್ಕೆ ಐದು ಪಿರಿಯಡ್ ಮಾತನಾಡುವವಳು ನಾನು, ಅಲ್ಲಿ ಗಂಟಲು ಒಣಗಿತು. ನೀರಿಲ್ಲ, ಪೈಪು ಬೇಕು, ಊರಿನ ಟ್ಯಾಂಕಿನಿಂದ ಶಾಲೆಗೆ ದೂರವಿಲ್ಲ ಎಂದಷ್ಟೇ ಹೇಳಿ ಕೂತೆ. ಆ ತಾಯಿ ಕೂರಲಿಲ್ಲ. “ಅದನ್ನ ಆ ಪುಸ್ತಕದಲ್ಲಿ ಬರೀರಿ ಸ್ವಾಮಿ. ಬರೆದ ಮೇಲೆ ಹೆಬ್ಬೆಟ್ಟು ಒತ್ತಿ ಹೋಗ್ತೀನಿ” ಎಂದು ಮೇಜಿನ ಹತ್ತಿರವೇ ಹೋಗಿ ನಿಂತರು. ಸಭೆಗೆ ಬಂದಿದ್ದ ನೋಡಲ್ ಅಧಿಕಾರಿ ಬರೆದುಕೊಳ್ಳಿ ಎಂದು ಹೇಳಿದರು. ನಡಾವಳಿ ಪುಸ್ತಕದಲ್ಲಿ ಒಂದೂವರೆ ಸಾಲು.

ಪೈಪು ಬರುವುದಕ್ಕೆ ಎಂಟು ತಿಂಗಳು ಹಿಡಿಯಿತು. ಬೀಗ ತೆಗೆದರು. ಲೆಕ್ಕದಲ್ಲಿ ಚುರುಕಾಗಿದ್ದ ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಅವಳ ತಂಗಿ ಬಂದಳು, ಎಸ್ಸೆಸ್ಸೆಲ್ಸಿ ಮುಗಿಸಿದಳು. ನಾನು ಆ ಸಭೆಗೆ ಎರಡು ವರ್ಷ ಮೊದಲೇ ಹೋಗಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ. ಆ ಫೈಲನ್ನು ಎಸೆದಿಲ್ಲ.

ಈಗ ನೀವು ತಿಳಿದಿರಬೇಕಾದ ವಿಷಯಕ್ಕೆ ಬರುತ್ತೇನೆ. ಕಾಯ್ದೆ ಪ್ರಕಾರ ಹಳ್ಳಿಗಳಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಪಟ್ಟಿಯಲ್ಲಿ ಹೆಸರಿರುವ ಪ್ರತಿ ಮತದಾರರೂ ಅದರ ಸದಸ್ಯರೇ, ಯಾರ ಕರೆಯೂ ಬೇಕಿಲ್ಲ. ಮನೆ ಪಟ್ಟಿಗಾಗಿ ಮಾತ್ರ ಹೋಗಬೇಡಿ. ವರ್ಷಕ್ಕೊಮ್ಮೆ ಜಮಾಬಂದಿ ಎಂದು ನಡೆಯುತ್ತದೆ, ಹಿಂದಿನ ವರ್ಷ ಖರ್ಚು ಮಾಡಿದ ಲೆಕ್ಕವನ್ನು ಜನರ ಮುಂದೆ ಇಡುವ ದಿನ. ಅಲ್ಲಿಗೆ ಹೋಗುವವರು ಬಹಳ ಕಡಿಮೆ. ಮಕ್ಕಳ ಗ್ರಾಮ ಸಭೆಯೂ ಇದೆ. ಮಕ್ಕಳು ಅಲ್ಲಿ ನಾಚಿಕೆಯಿಲ್ಲದೆ ಕೇಳುತ್ತಾರೆ, ದೊಡ್ಡವರು ಹಿಂಜರಿಯುವುದನ್ನು ಕೇಳುತ್ತಾರೆ. ಇಲ್ಲಿ ಕೂತಿರುವ ಎಂಟು, ಒಂಬತ್ತನೇ ತರಗತಿಯವರು ನಿಮ್ಮ ಮೇಷ್ಟ್ರಿಗೆ ಅದರ ತಾರೀಕು ಕೇಳಿ.

ಜಿಲ್ಲಾ ಪಂಚಾಯಿತಿಯಲ್ಲಿ ಕೂರುವವರು ನನ್ನನ್ನು ಕೇಳಿದರೆ ಏನು ಹೇಳುತ್ತೇನೆ? ಮೊದಲನೆಯದು ಶಾಲೆಗೆ ನೀರು. ನಜೀರ್ ಸಾಬ್ ಕಾಲದ ಲೆಕ್ಕ ದಿನಕ್ಕೆ ತಲೆಗೆ 40 ಲೀಟರ್. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನದು 55 ಲೀಟರ್. ನಲ್ಲಿ ಬಂದಿದೆ, ಅದರಲ್ಲಿ ನೀರು ಎಷ್ಟು ದಿನ ಬರುತ್ತದೆ ಎಂದು ಊರಿನವರೇ ಬರೆದಿಡಬೇಕು. ಹಣ ಇಲ್ಲ ಎಂದರೆ ಒಪ್ಪಬೇಡಿ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಎರಡನೆಯದು ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶಿಕ್ಷಣ ಸಾಲದ ಯೋಜನೆಗೂ ‘ಅರಿವು’ ಎಂದೇ ಹೆಸರು, ಪೋಷಕರು ಎರಡನ್ನೂ ಕಲಸಿಕೊಳ್ಳುತ್ತಾರೆ. ಒಂದು ಓದುವ ಜಾಗ, ಇನ್ನೊಂದು ಸಾಲ. ಆ ಓದುವ ಜಾಗ ಸಂಜೆ ಹೊತ್ತು ತೆರೆದಿರಬೇಕು, ಒಂದು ಕೋಣೆಯ ಮನೆಯಲ್ಲಿ ನಾಲ್ಕು ಜನರ ನಡುವೆ ಕೂತು ಓದುವ ಹುಡುಗಿಗೆ ಅದು ಬೇಕು. ಬಸ್ಸು ಪಂಚಾಯಿತಿಯ ಕೈಯಲ್ಲಿಲ್ಲ, ಆದರೂ ಗ್ರಾಮ ಸಭೆಯ ನಿರ್ಣಯ ಹಿಡಿದು ಡಿಪೋಗೆ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ವ್ಯತ್ಯಾಸವಿದೆ. ಉಳಿದ ಪಟ್ಟಿ ನಿಮಗೇ ಗೊತ್ತು.

ಆದರೆ ಕೇಳುವವರು ಅಲ್ಲಿ ಕೂತಿರಬೇಕಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಒಳ್ಳೆಯ ಅಧಿಕಾರಿಗಳಿದ್ದಾರೆ, ಇಲ್ಲವೆನ್ನುವುದಿಲ್ಲ. ಅವರು ವರ್ಗವಾಗಿ ಹೋಗುತ್ತಾರೆ. ಸ್ಥಳೀಯ ಸಂಸ್ಥೆ ಚಿಕ್ಕದು ಎಂದು ಹೊಳೆನರಸೀಪುರದವರು ಹೇಳುವ ಹಾಗಿಲ್ಲ. ಅಲ್ಲಿನ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದ ದೇವೇಗೌಡರು 1996ರಲ್ಲಿ ದೇಶದ ಪ್ರಧಾನಿಯಾದರು. ಮತದ ಮಾತು ಆಡುತ್ತಿಲ್ಲ, ಪಾಠದ ಉದಾಹರಣೆ ಕೊಟ್ಟೆ ಅಷ್ಟೆ.

ಪಟ್ಟಣದಲ್ಲಿರುವ ನಮ್ಮವರಿಗೂ ಒಂದು ಮಾತು. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಗ್ರಾಮ ಸಭೆ ಇರುವುದಿಲ್ಲ. ಮೊಹಲ್ಲಾದ ಚರಂಡಿಗಾಗಿ ರಾತ್ರಿ ಕೌನ್ಸಿಲರ್ ಮನೆಗೆ ಹೋಗಿ ಕೈ ಮುಗಿದು ಬರುವುದು ನಮಗೆ ಅಭ್ಯಾಸವಾಗಿದೆ. ಹಾಗೆ ಆದ ಕೆಲಸ ಉಪಕಾರವಾಗುತ್ತದೆ, ಚುನಾವಣೆ ಬಂದಾಗ ಅದನ್ನು ನೆನಪಿಸುತ್ತಾರೆ. ಬಜೆಟ್‌ಗೆ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ, ಅದಕ್ಕೆ ಹೋಗಿ. ಅರ್ಜಿ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ಮೊಹರು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಬೀದಿಯವರನ್ನು ಕರೆದುಕೊಂಡು ಹೋಗಿ. ಚರಂಡಿಗೆ ಇವರ ಮನೆ ಅವರ ಮನೆ ಎಂಬುದಿಲ್ಲ, ಪಕ್ಕದ ಮನೆಯ ಗೌಡರಿಗೂ ಆಚಾರರಿಗೂ ಅದೇ ಸೊಳ್ಳೆ ಕಚ್ಚುವುದು. ಮನೆ ಕಂದಾಯವನ್ನು ಬಾಕಿ ಇಟ್ಟುಕೊಂಡು ಮಾತ್ರ ಹೋಗಬೇಡಿ. ಕೇಳುವಾಗ ದನಿ ತಗ್ಗುತ್ತದೆ.

ಟ್ರಸ್ಟಿನ ಪದಾಧಿಕಾರಿಗಳಿಗೆ ನನ್ನದೊಂದು ಬೇಡಿಕೆ ಇದೆ. ನಮ್ಮ ಅರ್ಜಿ ನಮೂನೆಯ ಹಿಂಬದಿ ಖಾಲಿ ಇದೆ. ಅಲ್ಲಿ ಮೂರು ಪ್ರಶ್ನೆ ಅಚ್ಚು ಹಾಕಿಸಿ. ಈ ವರ್ಷ ನಿಮ್ಮ ಮನೆಯಿಂದ ಯಾರಾದರೂ ವಾರ್ಡ್ ಸಭೆಗೋ ಗ್ರಾಮ ಸಭೆಗೋ ಹೋಗಿದ್ದರೆ? ಏನು ಕೇಳಿದಿರಿ? ಅದನ್ನು ಪುಸ್ತಕದಲ್ಲಿ ಬರೆದುಕೊಂಡರೆ? ಉತ್ತರಕ್ಕೆ ಅಂಕವಿಲ್ಲ, ‘ಇಲ್ಲ’ ಎಂದು ಬರೆದವರ ವಿದ್ಯಾರ್ಥಿವೇತನಕ್ಕೂ ತೊಂದರೆಯಿಲ್ಲ, ಅದನ್ನು ಸ್ಪಷ್ಟವಾಗಿ ಅಚ್ಚು ಮಾಡಿಸಬೇಕು. ಮೊನ್ನೆ ಸಮಿತಿಯಲ್ಲಿ ಇದನ್ನು ಹೇಳಿದಾಗ ಒಬ್ಬರು, “ಮೇಡಂ, ರಿಟೈರ್ ಆದ್ಮೇಲೂ ಪರೀಕ್ಷೆ ಬಿಡಲ್ಲ ನೀವು” ಎಂದರು. ಇನ್ನೂ ತೀರ್ಮಾನವಾಗಿಲ್ಲ, ದಾನಿಗಳು ಒಂದು ಮಾತು ಹೇಳಿದರೆ ಆದೀತು.

ಸಭೆಯ ತಾರೀಕು ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ, ಕಾಣದಿದ್ದರೆ ಪಿಡಿಓ ಅವರನ್ನು ಕೇಳಿ. ಅರ್ಜಿ ಬರೆಯುವುದು ಹೇಗೆಂದು ತಿಳಿಯದ ತಾಯಂದಿರು ಯಾವ ಭಾನುವಾರವಾದರೂ ಬೆಳಿಗ್ಗೆ ಟ್ರಸ್ಟಿನ ಕಚೇರಿಗೆ ಬನ್ನಿ, ನಾನು ಇರುತ್ತೇನೆ. ಬರುವಾಗ ಮಗಳನ್ನೂ ಕರೆದುಕೊಂಡು ಬನ್ನಿ, ಅವಳ ಕೈಯಲ್ಲೇ ಬರೆಸೋಣ.